ಗುರುವಾರ ಮೂರು ಗಂಟೆಯ ನೀರು

ಜೂನ್ 14, ಶನಿವಾರ

ಈ ಡೈರಿ ನನ್ನದಲ್ಲ, ಅಪ್ಪನದು. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದು. ಮೊದಲ ನಲವತ್ತು ಪುಟ ಅವನ ದುಂಡು ಅಕ್ಷರ: ದೊಡ್ಡ ಬೀದಿ ಬೆಳಿಗ್ಗೆ ಆರರಿಂದ ಏಳು, ಕೆಳಗೇರಿ ಏಳರಿಂದ ಎಂಟು, ಶಾಲೆ ಓಣಿ ಎಂಟರಿಂದ ಒಂಬತ್ತು. ಪುಟ ತಿರುಗಿಸಿದರೆ ಮತ್ತೆ ಅದೇ. ಇಷ್ಟು ಬೇಸರದ ಪುಸ್ತಕವನ್ನು ಇಷ್ಟು ಚಂದದ ಅಕ್ಷರದಲ್ಲಿ ಬರೆದವರು ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಅಪ್ಪನ ಹೆಸರು ಎತ್ತಪ್ಪ, ನಮ್ಮೂರ ಪಂಚಾಯಿತಿಯ ನೀರುಗಂಟಿ. ಟ್ಯಾಂಕಿಗೆ ನೀರು ಏರಿಸಿ, ಹೆಗಲ ಮೇಲೆ ಕಬ್ಬಿಣದ ರಾಡು ಹೊತ್ತು ಓಣಿ ಓಣಿಗೆ ಹೋಗಿ ವಾಲ್ವು ತಿರುಗಿಸುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ದೊಡ್ಡ ಬೀದಿಯ ಆರು ಗಂಟೆ ಒಂದು ದಿನವೂ ತಪ್ಪಿಲ್ಲ. ನಾನು ಹುಟ್ಟಿದ ದಿನವೂ ಆರಕ್ಕೆ ನೀರು ಬಿಟ್ಟು, ಮೂರೂ ಓಣಿ ಮುಗಿಸಿ, ಆಮೇಲೆ ಶ್ರೀರಾಂಪುರದ ಆಸ್ಪತ್ರೆಗೆ ಬಂದನಂತೆ. ಅಮ್ಮ ಇದನ್ನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾಳೆ. ಇನ್ನೂ ಇಪ್ಪತ್ತು ವರ್ಷ ಹೇಳುವ ಶಕ್ತಿ ಅವಳಲ್ಲಿದೆ.

ಪಂಚಾಯಿತಿಯವರು ಅಪ್ಪನಿಗೆ ಬೇರೆ ಪುಸ್ತಕ ಕೊಟ್ಟಿದ್ದಾರೆ, ಉಳಿದ ಪುಟ ನನಗೆ. ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಬರೆಯುತ್ತಿದ್ದೇನೆ.

ಮೇ 19ರಂದು ಹೊಸದುರ್ಗದ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಶ್ರೀರಾಂಪುರ ದಾಟಿದ ಮೇಲೆ ಎದೆ ಡಬಡಬ ಹೊಡೆದುಕೊಳ್ಳತೊಡಗಿತು. ಬೆರಳು ಜೋಮು ಹಿಡಿದವು, ಉಸಿರು ಒಳಗೇ ಹೋಗಲಿಲ್ಲ. ಸತ್ತೆ ಅನ್ನಿಸಿ ಕಿರುಚಿಕೊಂಡೆ. ಕಂಡಕ್ಟರ್ ನಾಗರಾಜಣ್ಣ ಬಸ್ ನಿಲ್ಲಿಸಿ, ಬೇವಿನ ಮರದ ಕೆಳಗೆ ಕೂರಿಸಿ ನೀರು ಕೊಟ್ಟ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. ಡಾಕ್ಟರು ಇಸಿಜಿ ತೆಗೆದು, ಹೃದಯ ಗಟ್ಟಿಮುಟ್ಟಾಗಿದೆ, ಇದು ಗಾಬರಿ ಅಷ್ಟೇ ಅಂದರು. ಅಷ್ಟೇ ಅಂತೆ! ನನಗೆ ಸಾಯುವ ಹಾಗಾಗಿದ್ದಕ್ಕಿಂತ ಆ ಕಿಟಕಿಯ ತಲೆಗಳೇ ಜಾಸ್ತಿ ನೆನಪಾಗುತ್ತವೆ. ಮೊದಲು ಬಸ್ಸು ಬೇಡವಾಯಿತು, ಆಮೇಲೆ ಬಸ್‌ಸ್ಟ್ಯಾಂಡು, ಈಗ ಹೊಸಿಲು ದಾಟಿದರೂ ಕೈ ಬೆವರುತ್ತದೆ.

ಆಗಸ್ಟ್ 25ಕ್ಕೆ ನಾಲ್ಕನೇ ಸೆಮಿಸ್ಟರಿನ ಪರೀಕ್ಷೆ, ಹೊಸದುರ್ಗದಲ್ಲಿ. ಬರೆಯದಿದ್ದರೆ ವರ್ಷ ಹೋಗುತ್ತದೆ. ಹಾಗೆ ಹೋದ ವರ್ಷ ವಾಪಸ್ ಬರಲಿ ಬಿಡಲಿ, ಹೊಳಲ್ಕೆರೆಯಿಂದ ಬ್ಯಾಟರಿ ಅಂಗಡಿಯ ಗಂಡು ಮಾತ್ರ ಖಂಡಿತ ಬರುತ್ತಾನೆ. ಅಮ್ಮ ಫೋಟೋ ತರಿಸಿಟ್ಟಿದ್ದಾಳೆ.

ಜೂನ್ 17, ಮಂಗಳವಾರ

ದೊಡ್ಡ ಬೀದಿಯಲ್ಲಿ ನಮ್ಮ ಮನೆ ಈ ತುದಿಗೆ, ಪಂಚಾಯಿತಿ ಆಫೀಸು ಆ ತುದಿಗೆ. ಆಫೀಸಿನ ಎದುರಿಗೇ ಮರುಳಸಿದ್ದಮ್ಮಜ್ಜಿಯ ಜಗಲಿ. ಸ್ನಾನ, ಪೂಜೆ, ವಿಭೂತಿ ಮುಗಿಸಿ ಅಜ್ಜಿ ಅಲ್ಲಿ ಕುಳಿತಳೆಂದರೆ ಬೀದಿಯಲ್ಲಿ ಕೋಳಿ ದಾಟಿದರೂ ಅದು ಯಾರ ಮನೆಯದು, ಎಲ್ಲಿಗೆ ಹೊರಟಿದೆ ಎಂದು ವಿಚಾರಿಸುತ್ತಾಳೆ. ಹೋದ ವರ್ಷ ಬೀದಿಗೆ ಸಿಸಿ ಕ್ಯಾಮೆರಾ ಹಾಕಿಸುವ ಮಾತು ಬಂದು ಸುಮ್ಮನಾಯಿತು. ಅಜ್ಜಿ ಇರುವಾಗ ದಂಡ ಎಂದಿರಬೇಕು.

ನನ್ನ ವಿಷಯದಲ್ಲಿ ಅಜ್ಜಿ ಮೊದಲ ವಾರ ಗಾಳಿ ಸೋಕಿದೆ ಅಂದಳು. ಅಮ್ಮ ತಾಯಿತ ಕಟ್ಟಿಸಿದಳು. ಎರಡನೇ ವಾರ ಕಾಲೇಜಿನಲ್ಲಿ ಯಾವನೋ ಇದ್ದಾನೆ ಅಂದಳು. ಅಮ್ಮ ನನ್ನ ಫೋನು ತಪಾಸಣೆ ಮಾಡಿದಳು, ಸಿಕ್ಕಿದ್ದು ಅಕೌಂಟೆನ್ಸಿ ನೋಟ್ಸು. ಈಗ ಪಿತ್ತ ಅನ್ನುತ್ತಿದ್ದಾಳಂತೆ. ಶುಂಠಿ ಕಷಾಯ ಶುರುವಾಗಿದೆ. ಯಾವನೋ ಇದ್ದಿದ್ದರೇ ವಾಸಿಯಿತ್ತು.

ಜೂನ್ 19, ಗುರುವಾರ

ಬೆಳಿಗ್ಗೆ ಕಸದ ಗಾಡಿ ಬಂತು. ದಿನಾ ಅದರ ಮೈಕಿನಲ್ಲಿ ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಬರುತ್ತದಲ್ಲ, ಇವತ್ತು ಅದರ ಬೆನ್ನಿಗೇ, “ಮನಸ್ಸು ಸರಿ ಇಲ್ಲದ ಯುವಕ ಯುವತಿಯರು ಪ್ರತಿ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಪಂಚಾಯಿತಿಗೆ ಬರತಕ್ಕದ್ದು” ಎಂದು ಬಂತು. ನಾನು ಕಿಟಕಿಯ ಹಿಂದೆ ನಿಂತು ಬಿದ್ದು ಬಿದ್ದು ನಕ್ಕೆ. ಇಷ್ಟು ದಿನ ಹಸಿ, ಒಣ ಎರಡೇ ಡಬ್ಬವಿತ್ತು, ಈಗ ಮೂರನೆಯದು ನಮಗೆ.

ವಿಷಯ ಇಷ್ಟು, ಅಪ್ಪ ಹೇಳಿದ್ದು. ಪಿಡಿಓ ಗುರುರಾಜ್ ಸಾರ್ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಒಬ್ಬ ಆಪ್ತ ಸಮಾಲೋಚಕಿಯನ್ನು ವಾರಕ್ಕೊಮ್ಮೆ ಕಳಿಸುವಂತೆ ಮಾಡಿದ್ದಾರೆ. ಹಳೆಯ ಲೈಬ್ರರಿ ಕೋಣೆ ಸುಣ್ಣ ಹೊಡೆಸಿ ಬಿಟ್ಟುಕೊಟ್ಟಿದ್ದಾರೆ. ಸದ್ಯಕ್ಕೆ ಎರಡು ತಿಂಗಳು, ಆಗಸ್ಟಿನ ಗ್ರಾಮಸಭೆಯಲ್ಲಿ ಮುಂದುವರಿಸುವುದೋ ಬೇಡವೋ ತೀರ್ಮಾನ. ಗುರುರಾಜ್ ಸಾರ್ ಒಳ್ಳೆಯವರು. ಆದರೆ ಬೋರ್ಡನ್ನು ಬೀದಿಗೇ ಮುಖ ಮಾಡಿ, ಅಜ್ಜಿಯ ಜಗಲಿಗೆ ಸರಿಯಾಗಿ ಕಾಣುವಂತೆ ಹಾಕಿಸಿದ್ದಾರೆ. ಇನ್ನು ಅಲ್ಲಿಗೆ ಹೋಗುವವರು ಯಾರು?

ಯಾರೂ ಹೋಗಲಿಲ್ಲವಂತೆ.

ಜೂನ್ 26, ಗುರುವಾರ

ಮಧ್ಯಾಹ್ನ ಅಪ್ಪ ಬಂದು ಹೊಸಿಲ ಮೇಲೆ ಕುಳಿತ. “ಪಾಪ, ಆ ಮೇಡಂ ಇವತ್ತೂ ಒಬ್ಬಳೇ ಕುಂತವ್ಳೆ ಕಣವ್ವ. ಹಿರಿಯೂರಿನ ಹುಡುಗಿಯಂತೆ. ಒಂದೀಟು ಟೀ ಕೊಟ್ಟು ಬಾ.”

“ನೀನೇ ಕೊಡಪ್ಪ.”

“ನನ್ನ ಕೈಯೆಲ್ಲ ಗ್ರೀಸ್ ಆಗೈತೆ.”

ಕೈ ನೋಡಿದೆ, ಗ್ರೀಸ್ ಇತ್ತು. ಬೇಕೆಂದೇ ಹಚ್ಚಿಕೊಂಡು ಬಂದ ಹಾಗೆ ಎರಡೂ ಅಂಗೈಗೆ ಇತ್ತು. ಅಪ್ಪ ಮುಂದೆ ರಾಡು ಹೊತ್ತು ನಡೆದ, ನಾನು ಹಿಂದೆ ಫ್ಲಾಸ್ಕು ಹಿಡಿದು, ಅವನ ಹಿಮ್ಮಡಿ ಬಿಟ್ಟರೆ ಬೇರೇನೂ ನೋಡದೆ ನಡೆದೆ. ಹದಿನಾಲ್ಕು ಮನೆ. ಎದೆ ಡಬಡಬ.

ಮೇಡಂ ಹೆಸರು ಮೇಘಶ್ರೀ. ನನಗಿಂತ ಐದಾರು ವರ್ಷಕ್ಕೆ ದೊಡ್ಡವಳಿರಬಹುದು. ಖಾಲಿ ಕುರ್ಚಿಗಳ ನಡುವೆ ಕುಳಿತು ಖಾರ ಮಂಡಕ್ಕಿ ತಿನ್ನುತ್ತಿದ್ದಳು.

“ಬರ್ರಿ, ಕುಂತ್ಕಳ್ರಿ. ನೀವೇ ಮೊದಲ್ನೇರು.”

“ನಾನು ಟೀ ಕೊಡೋಕೆ ಬಂದೋಳು.”

“ಹಂಗಾರೆ ನಾನು ಟೀ ಕುಡಿದು ಮುಗಿಸೋವರ್ಗೂ ಕುಂತ್ಕಳ್ರಿ. ಫ್ಲಾಸ್ಕ್ ವಾಪಸ್ ಬೇಕಲ್ಲ?”

ಅಷ್ಟು ನಿಧಾನವಾಗಿ ಟೀ ಕುಡಿಯುವ ಮನುಷ್ಯರನ್ನು ನಾನು ನೋಡಿಲ್ಲ. ಮಂಡಕ್ಕಿ ನನಗೂ ಕೊಟ್ಟಳು. ಬಸ್ಸಿನ ಕಥೆ ಯಾವಾಗ ಶುರು ಮಾಡಿದೆನೋ ಗೊತ್ತಿಲ್ಲ, ಬೇವಿನ ಮರದವರೆಗೆ ಬಂದಾಗ ಅಳು ಬಂತು. ಅವಳು ಸುಮ್ಮನಿರು ಅನ್ನಲಿಲ್ಲ, ಪಿತ್ತ ಅನ್ನಲಿಲ್ಲ. ಇದು ಬಹಳ ಜನಕ್ಕೆ ಆಗುತ್ತದೆ, ಇದಕ್ಕೆ ಹೆಸರಿದೆ, ದಾರಿಯೂ ಇದೆ ಅಂದಳು. ದಿನಾ ಏನಾದರೂ ಬರೆಯಿರಿ ಅಂದಳು. ಬರೆಯುತ್ತಿದ್ದೇನೆ, ನೀರಿನ ಪುಸ್ತಕದಲ್ಲಿ ಅಂದೆ.

ಹೊರಗೆ ಬಂದರೆ ಜಗಲಿಯಿಂದ ಅಜ್ಜಿ. “ಯಾಕವ್ವ ಯಶೋಧಾ, ಟೀ ಕೊಡೋಕೆ ಮುಕ್ಕಾಲು ಗಂಟೆನಾ? ಏನು, ಬಕೀಟಿನಾಗೆ ಕೊಟ್ಯಾ?” ಪಕ್ಕದ ಮನೆಯ ಇಬ್ಬರು ನಕ್ಕರು. ಎಲ್ಲರೂ ನನ್ನನ್ನೇ ನೋಡಿದರು.

ಮನೆಗೆ ಹೇಗೆ ಬಂದೆನೋ ತಿಳಿಯದು. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಅಂತ ಅಪ್ಪನಿಗೆ ಹೇಳಿದೆ. “ಮೇಡಂ ಒಳ್ಳೇರೇ. ಆದ್ರೆ ಆ ಬೀದಿ ಹಾಯ್ದು ಹೋಗಕ್ಕೆ ನನ್ ಕೈಲಾಗಲ್ಲ ಅಪ್ಪ.” ಅಪ್ಪ ರಾಡಿನ ತುದಿಯ ತುಕ್ಕನ್ನು ಉಗುರಿನಿಂದ ಕೆರೆಯುತ್ತ ಕುಳಿತಿದ್ದ.

ಜುಲೈ 1, ಮಂಗಳವಾರ

ಏನೂ ಇಲ್ಲ. ಕಷಾಯ.

ಜುಲೈ 3, ಗುರುವಾರ

ಇವತ್ತು ಬೆಳಿಗ್ಗೆ ಆರಕ್ಕೆ ದೊಡ್ಡ ಬೀದಿಗೆ ನೀರು ಬರಲಿಲ್ಲ! ಅಮ್ಮ ಖಾಲಿ ಬಿಂದಿಗೆ ಇಟ್ಟುಕೊಂಡು, ನೀರುಗಂಟಿಯ ಹೆಂಡತಿಗೇ ಈ ಗತಿಯಾ ಎಂದು ಕೂಗಾಡಿದಳು. ಮೋಟಾರು ಬಿಸಿಯಾಗಿದೆ, ಮಧ್ಯಾಹ್ನ ಬಿಡ್ತೀನಿ ಅಂದ ಅಪ್ಪ. ಮೂರು ಗಂಟೆಗೆ ಸರಿಯಾಗಿ ಬಂತು. ನಮ್ಮ ಬೀದಿಯ ನಲ್ಲಿಗಳೆಲ್ಲ ಹಿತ್ತಲಿನಲ್ಲಿ. ನೀರು ಬಂದ ಗಳಿಗೆಗೆ ಹೆಂಗಸರು, ಗಂಡಸರು, ಅಜ್ಜಿ ಸಮೇತ ಎಲ್ಲರೂ ಕೊಡ, ಬಕೆಟ್ಟು, ಡ್ರಮ್ಮು ಎಳೆದುಕೊಂಡು ಹಿತ್ತಲಿಗೆ ಓಡಿದರು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಇಡೀ ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಅದೂ ಮಲಗಿತ್ತು. ಏನೋ ಧೈರ್ಯ ಬಂದು ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟೆ. ನನ್ನ ಅದೃಷ್ಟ, ಅಷ್ಟೇ. ಹೊರಗೆ ಬಂದಾಗಲೂ ನೀರು ನಿಂತಿರಲಿಲ್ಲ.

ಮೇಘಶ್ರೀ ಅಕ್ಕ ಉಸಿರಾಡುವುದು ಹೇಳಿಕೊಟ್ಟಳು. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಉಸಿರಾಡಲು ಕಲಿಸುವುದಕ್ಕೂ ಸರ್ಕಾರ ಜನ ಇಟ್ಟಿದೆ ಎಂದು ಗೊತ್ತಿದ್ದರೆ ಬಿ.ಕಾಂ. ಬಿಟ್ಟು ಅದನ್ನೇ ಓದುತ್ತಿದ್ದೆ.

ಜುಲೈ 10, ಗುರುವಾರ

ಮತ್ತೆ ಮೂರು ಗಂಟೆಗೇ ನೀರು. ಮೋಟಾರಿಗೆ ಗುರುವಾರ ಅಂದರೆ ಆಗುವುದಿಲ್ಲವೋ ಏನೋ. ಬೀದಿ ಮತ್ತೆ ಖಾಲಿ. ನಾನು ಕೋಣೆ ಹೊಕ್ಕರೆ ಕೆಳಗೇರಿಯ ದುರ್ಗೇಶ್ ಕುಳಿತಿದ್ದಾನೆ, ಐಟಿಐ ಓದಿ ಮನೆಯಲ್ಲಿರುವವನು. ನನ್ನನ್ನು ಕಂಡ ಕೂಡಲೇ ದಿನಪತ್ರಿಕೆ ಎತ್ತಿ ಮುಖಕ್ಕೆ ಹಿಡಿದ. ಪತ್ರಿಕೆ ತಲೆಕೆಳಗಾಗಿತ್ತು.

“ಪೇಪರ್ ತಿರುಗಿಸ್ಕಳಪ್ಪ,” ಅಂದೆ.

“ನೀನೇನ್ ಮಾಡ್ತಿದೀಯ ಇಲ್ಲಿ?”

“ಟೀ ಕೊಡೋಕೆ ಬಂದೀನಿ.”

“ಫ್ಲಾಸ್ಕ್ ಎಲ್ಲೈತೆ?”

ಇಬ್ಬರಿಗೂ ನಗು ಬಂತು. ಅವನಿಗೆ ಮೂರು ತಿಂಗಳಿಂದ ನಿದ್ದೆಯಿಲ್ಲವಂತೆ. ನನಗೆ ಒಬ್ಬಳಿಗೇ ಹೀಗೆ ಅಂದುಕೊಂಡಿದ್ದೆ. ಇಷ್ಟು ಹತ್ತಿರ, ಎರಡು ಓಣಿಯಾಚೆ, ಇನ್ನೊಬ್ಬ ಸೂರು ನೋಡುತ್ತ ಮಲಗಿರುತ್ತಾನೆ ಎಂದು ಗೊತ್ತೇ ಇರಲಿಲ್ಲ.

ಜುಲೈ 17, ಗುರುವಾರ

ಅಕ್ಕ ಒಂದು ಹಾಳೆಯಲ್ಲಿ ಏಣಿಯ ಚಿತ್ರ ಬರೆದಳು. ಕೆಳಗಿನ ಮೆಟ್ಟಿಲು ಬಸ್‌ಸ್ಟ್ಯಾಂಡಿನವರೆಗೆ ನಡೆಯುವುದು. ಆಮೇಲೆ ನಿಂತ ಬಸ್ಸಿನಲ್ಲಿ ಕೂರುವುದು, ಒಂದೇ ಒಂದು ಸ್ಟಾಪು ಹೋಗುವುದು, ಅದಾದ ಮೇಲೆ ಶ್ರೀರಾಂಪುರದವರೆಗೆ. ತುತ್ತತುದಿಗೆ ಹೊಸದುರ್ಗ, ಆಗಸ್ಟ್ 25. ಒಂದು ಮೆಟ್ಟಿಲು ಬೇಸರ ಹುಟ್ಟಿಸುವಷ್ಟು ಸಲ ಹತ್ತಿ ಆಮೇಲೆ ಮುಂದಿನದು ಅಂದಳು.

ನನಗಂತೂ ಇದು ಆಗುವ ಹೋಗುವ ಮಾತಲ್ಲ ಅನ್ನಿಸುತ್ತದೆ. ಬಸ್‌ಸ್ಟ್ಯಾಂಡಿನ ಹತ್ತಿರ ಹೋದರೆ ಮೊದಲಿನ ಹಾಗೆಯೇ ಎದೆ ಹೊಡೆದುಕೊಳ್ಳುತ್ತದೆ. ನಿನ್ನೆಯೂ ಹೊಡೆದುಕೊಂಡಿತು, ಮೊನ್ನೆಯೂ. ಒಂದು ಲಾಭವೆಂದರೆ ಅಲ್ಲಿಯ ಅಂಗಡಿಯ ಮಿರ್ಚಿ ಚೆನ್ನಾಗಿದೆ.

ಜುಲೈ 22, ಮಂಗಳವಾರ

ಹನ್ನೆರಡೂವರೆಯ ಬಸ್ಸು ಊಟಕ್ಕೆ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತೆ. ನಾಗರಾಜಣ್ಣ ಚಿತ್ರಾನ್ನದ ಡಬ್ಬಿ ಹಿಡಿದೇ ಬಂದ. ನನ್ನ ಗುರುತು ಹಿಡಿದ. ಹೇಗಿದೀಯ ಎಂದು ಕೇಳಲಿಲ್ಲ, ಅದೇ ದೊಡ್ಡದು.

“ಎಲ್ಲಿಗವ್ವ?”

“ಎಲ್ಲಿಗೂ ಇಲ್ಲಣ್ಣ. ಸುಮ್ನೆ ಕುಂತ್ಕಂತೀನಿ.”

“ಹೆಣ್ಮಕ್ಳಿಗೆ ದುಡ್ಡಿಲ್ಲ ನಿಜ, ಆದ್ರೂ ಊರ ಹೆಸರು ಹಾಕಿ ಟಿಕೆಟ್ ಹರೀಬೇಕು. ಎಲ್ಲಿಗೂ ಇಲ್ಲ ಅನ್ನೋ ಊರು ಈ ಮಿಷನ್ನಿನಾಗೆ ಇಲ್ವಲ್ಲ.” ಯೋಚನೆ ಮಾಡಿದ. “ಹೊರಡೋ ಮುಂದೆ ಸೀಟಿ ಹೊಡೀತೀನಿ, ಇಳ್ಕ.”

ಸೀಟಿ ಹೊಡೆದ, ಇಳಿದೆ.

ಜುಲೈ 26, ಶನಿವಾರ

ಒಂದು ಸ್ಟಾಪು ಹೋದೆ, ಅಮ್ಮನ ಜೊತೆ. ಎರಡು ಕಿಲೋಮೀಟರು ವಾಪಸ್ ನಡೆದು ಬಂದೆವು. ಕೆಲಸವಿಲ್ಲದೆ ಬಸ್ಸು ಹತ್ತಿ, ಕೆಲಸವಿಲ್ಲದೆ ಇಳಿದು, ಬಿಸಿಲಲ್ಲಿ ನಡೆಯುವ ಚಿಕಿತ್ಸೆಯನ್ನು ಅಮ್ಮ ಕೇಳಿಯೇ ಇರಲಿಲ್ಲವಂತೆ. ದಾರಿಯುದ್ದಕ್ಕೂ ಬೈದಳು. ಆದರೆ ಕೈ ಬಿಡಲಿಲ್ಲ.

ಅವಳು ತಾಯಿತ ಬಿಚ್ಚು ಅಂದಳು, ನಾನು ಇರಲಿ ಬಿಡು ಅಂದೆ. ಚಂದ ಇದೆ.

ಜುಲೈ 31, ಗುರುವಾರ

ಮಂಗಳವಾರ ಒಬ್ಬಳೇ ಶ್ರೀರಾಂಪುರಕ್ಕೆ ಹೋಗಿದ್ದೆ. ದಾರಿಯಲ್ಲಿ ಬಂದೇಬಿಟ್ಟಿತು, ಎದೆ ಡಬಡಬ, ಬೆರಳು ಜೋಮು, ಎಲ್ಲ ಮೊದಲಿನ ಹಾಗೆಯೇ. ಇವತ್ತು ಅಕ್ಕನ ಮುಂದೆ ಜಗಳಕ್ಕೇ ನಿಂತೆ. ಇಷ್ಟು ವಾರ ಉಸಿರು ಎಣಿಸಿದ್ದು ದಂಡ, ಏನೂ ಸುಧಾರಿಸಿಲ್ಲ ಅಂದೆ.

“ಬಂತು. ಆಮ್ಯಾಲೆ?”

“ಆಮೇಲೆ ಹೋಯ್ತು.”

“ಕಿರುಚಿದ್ರಾ?”

“ಇಲ್ಲ. ಪಕ್ಕದಾಗೆ ಒಂದು ಮಗು ಮಲಗಿತ್ತು, ಎದ್ದುಬಿಡ್ತದೆ ಅಂತ.”

“ಇಳಿದ್ರಾ?”

“ಯಾಕಿಳೀಲಿ? ಬಳೆ ತಗಬೇಕಿತ್ತು.”

ಅವಳು ಹಣೆ ಹಿಡಿದುಕೊಂಡು ನಕ್ಕಳು. ನನಗೆ ಸಿಟ್ಟೇ ಬಂತು. ಇದರಲ್ಲಿ ನಗುವಂಥದ್ದೇನಿದೆ? ಬಳೆ ಮಾತ್ರ ಚೆನ್ನಾಗಿವೆ, ಹಸಿರು.

ಕೋಣೆಯಲ್ಲಿ ಈಗ ಕುರ್ಚಿ ಸಾಲುವುದಿಲ್ಲ. ಒಬ್ಬೊಬ್ಬರು ಒಳಗೆ ಮಾತಾಡುವಾಗ ಉಳಿದವರು ವರಾಂಡದಲ್ಲಿ ಪತ್ರಿಕೆ ಓದುತ್ತೇವೆ, ನೇರವಾಗಿಯೇ ಹಿಡಿದುಕೊಂಡು. ಎಲ್ಲ ಸೇರಿ ಒಂಬತ್ತು ಜನ.

ಆಗಸ್ಟ್ 7, ಗುರುವಾರ

ನಾಳೆ ವರಮಹಾಲಕ್ಷ್ಮಿ ಹಬ್ಬ. ಇವತ್ತೂ ಬೆಳಿಗ್ಗೆ ನೀರಿಲ್ಲ, ಮೂರು ಗಂಟೆಗೆ. ಮನೆ ತೊಳೆಯುವ ದಿನವೇ ಹೀಗಾದ್ದಕ್ಕೆ ದೊಡ್ಡ ಬೀದಿಗೆ ದೊಡ್ಡ ಬೀದಿಯೇ ಸಿಡಿದೆದ್ದಿದೆ. ಮರುಳಸಿದ್ದಮ್ಮಜ್ಜಿ ಎಲ್ಲರಿಂದ ಸಹಿ ಹಾಕಿಸಿಕೊಂಡು ಅರ್ಜಿ ಬರೆಸಿದ್ದಾಳೆ. ಅಮ್ಮನ ಹತ್ತಿರವೂ ಬಂದಳು. ಗಂಡನ ಮೇಲಿನ ಅರ್ಜಿಗೆ ಹೆಂಡತಿಯ ಸಹಿ ಕೇಳುವ ಧೈರ್ಯ ಅಜ್ಜಿಗೆ ಮಾತ್ರ. ಅಮ್ಮ ಹಾಕಲಿಲ್ಲ, ಆದರೆ ಒಂದು ಗಳಿಗೆ ಪೆನ್ನನ್ನು ಆಸೆಯಿಂದ ನೋಡಿದಳು.

“ಯಾಕಪ್ಪ ಹಿಂಗ್ ಮಾಡ್ತೀಯ? ಆರು ಗಂಟೆ ತಪ್ಪದ ಮನುಷ್ಯ,” ಅಂದೆ.

“ಮೋಟಾರು,” ಅಂದ.

ವಯಸ್ಸಾಯಿತು ಅವನಿಗೆ.

ಆಗಸ್ಟ್ 12, ಮಂಗಳವಾರ

ಇವತ್ತಿನದು ಉದ್ದ ಬರೆಯಬೇಕು.

ಗ್ರಾಮಸಭೆ ಪಂಚಾಯಿತಿ ಮುಂದೆ, ಶಾಮಿಯಾನದ ಕೆಳಗೆ. ಲೈಬ್ರರಿ ಕೋಣೆಯ ವಿಷಯ ಬರುವುದರಿಂದ ನಾವೆಲ್ಲ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ಮಾತಾಡುವುದಕ್ಕಲ್ಲ, ಸಂಖ್ಯೆಗೆ. ನೀರಿನ ವಿಷಯ ಮೊದಲು ಬಂತು. ಅಜ್ಜಿ ಮೈಕ್ ಹಿಡಿದಳು.

“ಸ್ವಾಮಿ, ಗುರುವಾರ ಬಂತು ಅಂದ್ರೆ ಬೆಳಿಗ್ಗೆ ಹನಿ ನೀರಿಲ್ಲ. ಮಟಮಟ ಮೂರು ಗಂಟೆಗೆ ಯಾರಾದ್ರೂ ನೀರು ಬಿಡ್ತಾರಾ? ನಾನು ಒಂದೀಟು ಜಗಲಿ ಮ್ಯಾಲೆ ಕುಂತ್ಕಳೋ ಹೊತ್ತದು!”

ಎಲ್ಲರೂ ನಕ್ಕರು. ಅಧ್ಯಕ್ಷೆ ರೇಣುಕಕ್ಕ ನಗಲಿಲ್ಲ. “ಮೋಟಾರು ಕೆಟ್ಟಿಲ್ಲ ಅಂತ ಮೆಕ್ಯಾನಿಕ್ ಬರ್ಕೊಟ್ಟವ್ನೆ. ಏನ್ ಸಮಾಚಾರ ಎತ್ತಪ್ಪಣ್ಣ?” ಅಂದಳು.

ಅಪ್ಪ ಎದ್ದು ನಿಂತ, ರಾಡನ್ನು ಊರಿಕೊಂಡು. “ತಪ್ಪಾತು. ಇನ್ನು ಸರಿ ಮಾಡ್ತೀನಿ.”

“ಕಾರಣ ಕೇಳ್ತಿರೋದು,” ಅಂದರು ಗುರುರಾಜ್ ಸಾರ್. “ಆರು ವಾರ ಬೇಕಂತಲೇ ಮಾಡಿದೀರಿ ಅಂತ ಅರ್ಜಿ ಕೊಟ್ಟವ್ರೆ. ಕಾರಣ ಹೇಳದೇ ಇದ್ರೆ ನಾನು ನೋಟಿಸ್ ಕೊಡಬೇಕಾಗ್ತದೆ ನೋಡ್ರಿ.”

“ಕೊಡ್ರಿ ಸಾರ್.”

ಅಷ್ಟೇ. ನೀರಿನ ವಿಷಯ ತೆಗೆದರೆ ಒಂದು ಗಂಟೆ ಮಾತಾಡುವ ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಅವನ ಕಡೆ ಬೆರಳು ತೋರಿಸಿದ್ದಿಲ್ಲ. ನನ್ನ ತಲೆಯೊಳಗೆ ಗುರುವಾರಗಳು ಒಂದೊಂದಾಗಿ ಬಂದವು. ಮೂರು ಗಂಟೆ. ಖಾಲಿ ಬೀದಿ. ಮಲಗಿದ ನಾಯಿ. ‘ಆ ಬೀದಿ ಹಾಯ್ದು ಹೋಗಕ್ಕೆ ನನ್ ಕೈಲಾಗಲ್ಲ’ ಅಂದಾಗ ಅಪ್ಪ ತುಕ್ಕು ಕೆರೆಯುತ್ತ ಕುಳಿತಿದ್ದು. ಅಯ್ಯೋ ದೇವರೇ, ಎಂಥ ಪೆದ್ದಿ ನಾನು! ಇಡೀ ಬೀದಿಗೆ ಗೊತ್ತಾಗದಿದ್ದರೆ ಹೋಗಲಿ, ಒಂದೇ ಮನೆಯಲ್ಲಿರುವ ನನಗೆ ಗೊತ್ತಾಗಲಿಲ್ಲ.

ಯಾವಾಗ ಎದ್ದೆನೋ, ಯಾವಾಗ ಅಜ್ಜಿಯ ಕೈಯಿಂದ ಮೈಕ್ ಕಿತ್ತುಕೊಂಡೆನೋ. ಕಿತ್ತುಕೊಂಡದ್ದು ತಪ್ಪು, ಕೇಳಬೇಕಿತ್ತು. ಮೈಕ್ ಬೇರೆ ಕುಯ್ಯೋ ಅಂತು.

“ಮೋಟಾರಿಗೆ ಏನೂ ಆಗಿಲ್ಲ. ನನಗೆ ಆಗಿತ್ತು,” ಅಂದೆ. “ಬಸ್ಸಿನಾಗೆ ಗಾಬರಿ ಆಗಿ ಕಿರುಚ್ಕಂಡಿದ್ದು ನಿಮಗೆಲ್ಲ ಗೊತ್ತೈತೆ. ಆಮೇಲೆ ಮನೆ ಹೊರಗೆ ಬರೋಕೂ ಆಗ್ತಿರ್ಲಿಲ್ಲ. ಈ ಕೋಣೆಗೆ ಬಂದ್ರೆ ವಾಸಿ ಆಗ್ತದೆ, ಆದ್ರೆ ಬೀದೀಲಿ ಎಲ್ಲರೂ ನೋಡ್ತೀರಿ. ನೀವು ಹಿತ್ತಲಾಗೆ ನೀರು ಹಿಡಿಯೋ ಹೊತ್ತಿಗೆ ನಾನು ಬೀದಿ ದಾಟ್ಲಿ ಅಂತ ನಮ್ಮಪ್ಪ ವಾಲ್ವ್ ತಿರುಗಿಸ್ತಿದ್ದ. ನಾನೊಬ್ಬಳೇ ಅಲ್ಲ, ಒಂಬತ್ತು ಜನ ದಾಟಿದೀವಿ. ನೋಟಿಸ್ ಕೊಡಂಗಿದ್ರೆ ನನಗೂ ಕೊಡ್ರಿ.”

ಹಿಂದಿನಿಂದ ದುರ್ಗೇಶ್ ಎದ್ದು ನಿಂತ, ಏನೋ ಹೇಳಲು ಬಾಯಿ ತೆರೆದ, ಕೂತ. ಆಮೇಲೆ ಮತ್ತೆ ಎದ್ದು, “ಹೌದು,” ಅಂದ. ಅಷ್ಟು ಹೇಳಲು ಎರಡು ಸಲ ಎದ್ದ.

ಮೊದಲು ಅಜ್ಜಿಯೇ ಶುರು ಮಾಡಿದಳು. “ಅಲ್ಲಲೇ ಎತ್ತಪ್ಪ! ನನಗೊಂದು ಮಾತು ಹೇಳಿದ್ರೆ ನಾನೇ ಮುಖ ಆ ಕಡೆ ಮಾಡ್ಕಂಡು ಕುಂತ್ಕಂತಿದ್ದೆ. ಅದಕ್ಕೆ ಇಡೀ ಬೀದಿಗೆ ನೀರು ಬಿಡಬೇಕಾ?”

“ನೀನು ಮುಖ ತಿರುಗಿಸ್ಕಳೋದು ಆಗೋ ಮಾತೇನಜ್ಜಿ?” ಅಂದ ಅಪ್ಪ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು, ಅಜ್ಜಿಯೂ ನಕ್ಕಳು.

ಗುರುರಾಜ್ ಸಾರ್ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಬೋರ್ಡು ಬೀದಿಗೆ ಹಾಕಿಸಿದ್ದು, ಕಸದ ಗಾಡಿಯಲ್ಲಿ ಕೂಗಿಸಿದ್ದು ತನ್ನದೇ ತಪ್ಪು ಎಂದು ಮೈಕಿನಲ್ಲೇ ಒಪ್ಪಿಕೊಂಡರು. ಕೊನೆಗೆ ನಿರ್ಣಯವಾಯಿತು: ಕೋಣೆ ಮುಂದುವರಿಯುತ್ತದೆ. ಶಾಲೆಯ ಮೈದಾನದ ಕಡೆಗೆ ಹಿಂದಿನಿಂದ ಒಂದು ಬಾಗಿಲು ಒಡೆಸುತ್ತಾರೆ. ಲೈಬ್ರರಿಯನ್ನೂ ಅಲ್ಲೇ ತೆರೆಯುತ್ತಾರೆ, ಪುಸ್ತಕಕ್ಕೆ ಬಂದವರು ಯಾರು, ಮಾತಿಗೆ ಬಂದವರು ಯಾರು ಎಂದು ಯಾರಿಗೂ ತಿಳಿಯದ ಹಾಗೆ. ದೊಡ್ಡ ಬೀದಿಗೆ ಗುರುವಾರವೂ ಬೆಳಿಗ್ಗೆ ಆರಕ್ಕೇ ನೀರು. ನೋಟಿಸ್ ಇಲ್ಲ.

ಮನೆಗೆ ಬಂದ ಮೇಲೆ ಕೇಳಿದೆ. “ಯಾಕಪ್ಪ ಸುಮ್ನೆ ನಿಂತ್ಕಂಡೆ? ಕಾರಣ ಹೇಳಬೇಕಿತ್ತು.”

“ಹೇಳಿದ್ರೆ ನಿನ್ನ ಹೆಸರು ಹೇಳಬೇಕಾಗ್ತಿತ್ತಲ್ಲವ್ವ.”

ಅಪ್ಪನ ಹೆಗಲಿಗೆ ಒರಗಿ ಅತ್ತೆ. ಗ್ರೀಸು ನನ್ನ ಕೆನ್ನೆಗೂ ಹತ್ತಿತು. ಅಮ್ಮ ಅಡುಗೆಮನೆಯಿಂದ, “ಮಗಳಿಗೋಸ್ಕರ ಆರು ಗಂಟೆ ತಪ್ಪಿಸೋಕೆ ಬರ್ತದೆ, ನನ್ನ ಹೆರಿಗೆಗೆ ಬರ್ಲಿಲ್ಲ,” ಅಂದಳು. ಆದರೆ ರಾತ್ರಿ ಅಪ್ಪನ ತಟ್ಟೆಗೆ ಎರಡು ಸಲ ತುಪ್ಪ ಬಿತ್ತು.

ಒಂದೇ ಬೇಸರ: ಗುರುರಾಜ್ ಸಾರ್‌ಗೆ ಧನ್ಯವಾದ ಹೇಳುವುದು ಮರೆತೆ.

ಆಗಸ್ಟ್ 14, ಗುರುವಾರ

ಇನ್ನೂ ಬಾಗಿಲು ಒಡೆದಿಲ್ಲ, ಬೀದಿಯಿಂದಲೇ ಹೋದೆ. ಅಜ್ಜಿ ಜಗಲಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ನಾನು ದಾಟುವಾಗ ಗೋಡೆಗೇ ಕೇಳಿದಳು, “ಯಾರದು, ಯಶೋಧಾನಾ?”

“ಹೂಂ ಅಜ್ಜಿ.”

“ಅಲ್ಲವ್ವ, ಅದು ಬರೀ ಹುಡುಗ್ರಿಗೇನಾ? ನಮ್ಮಂಥೋರು ಹೋಗಂಗಿಲ್ವಾ? ಯಜಮಾನ್ರು ಹೋದಾಗಿಂದ ಎದೇಲಿ ಏನೋ ಕುಂತಂಗೈತೆ. ಅದಕ್ಕೇ ನಾನು ಒಳಗಿರಲ್ಲ, ಜಗಲಿ ಮ್ಯಾಲಿರ್ತೀನಿ.”

ಅಷ್ಟು ದಿನ ಅವಳು ನಮ್ಮನ್ನು ನೋಡುತ್ತಿದ್ದಾಳೆ ಅಂದುಕೊಂಡಿದ್ದೆವು. “ಬಾ ಅಜ್ಜಿ, ಕೇಳಾಣ,” ಎಂದು ಕೈ ಹಿಡಿದು ಕರೆದುಕೊಂಡು ಹೋದೆ. ಯುವಜನರ ಕೋಣೆಯಲ್ಲಿ ಎಪ್ಪತ್ತಮೂರು ವರ್ಷದ ಯುವತಿ ಒಂದು ಗಂಟೆ ಮಾತಾಡಿದಳು. ವಯಸ್ಸಾದವರಿಗೆ ಹೊಸದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ದಿನ ಎಂದು ಮೇಘಶ್ರೀ ಅಕ್ಕ ಚೀಟಿ ಬರೆದುಕೊಟ್ಟಳು. ನಾನೇ ಕರೆದುಕೊಂಡು ಹೋಗಿ ಬರುತ್ತೇನೆ, ಮುಂದಿನ ಬುಧವಾರ.

ಆಗಸ್ಟ್ 20, ಬುಧವಾರ

ಅಜ್ಜಿಯನ್ನು ಹೊಸದುರ್ಗಕ್ಕೆ ಕರೆದುಕೊಂಡು ಹೋಗಿ ಬಂದೆ. ಬಸ್ಸಿನಲ್ಲಿ ಅವಳಿಗೆ ವಾಂತಿ. ಕವರು ಹಿಡಿಯುವುದು, ಬೆನ್ನು ಸವರುವುದು, ಲಿಂಬೆಹಣ್ಣು ಮೂಸಿಸುವುದು, ಇದೇ ಆಯಿತು. ಹೋಗುವಾಗಲೂ ಬರುವಾಗಲೂ ಆ ಬೇವಿನ ಮರ ನೋಡಬೇಕು ಅಂದುಕೊಂಡಿದ್ದೆ, ಯಾವಾಗ ದಾಟಿತೋ ಗೊತ್ತಾಗಲಿಲ್ಲ. ಕಾಸ್ಟ್ ಅಕೌಂಟಿಂಗಿನ ಎರಡು ಅಧ್ಯಾಯ ಬಾಕಿ ಇದೆ. ಭಯವಾಗುತ್ತಿದೆ, ಈ ಸಲ ಪ್ರಶ್ನೆಪತ್ರಿಕೆಯದು.

ಆಗಸ್ಟ್ 24, ಭಾನುವಾರ

ನಾಳೆ ಪರೀಕ್ಷೆ. ಬೆಳಿಗ್ಗೆ ಏಳೂಕಾಲಿನ ಬಸ್ಸು. ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಊರಿನವರೆಲ್ಲ ಇರುತ್ತಾರೆ, ಕೂಲಿಗೆ ಹೋಗುವವರು, ಹಾಲಿನವರು, ಸ್ಕೂಲಿನವರು.

ಸಂಜೆ ಅಪ್ಪ ಹೊಸಿಲ ಮೇಲೆ ಬಂದು ಕುಳಿತ. ಬಹಳ ಹೊತ್ತು ರಾಡು ಆಡಿಸಿ, ಪಿಸುಮಾತಿನಲ್ಲಿ ಕೇಳಿದ. “ಯಶೀ, ನಾಳೆ ಒಂದಿನ ಬೇಕಾರೆ... ಏಳು ಗಂಟೆಗೆ ಕೆಳಗೇರಿಗೆ ಹೆಂಗೂ ಬಿಡ್ತೀನಿ. ದೊಡ್ಡ ಬೀದೀದೂ ಆಗ್ಲೇ ಬಿಟ್ರೆ ಬಸ್‌ಸ್ಟ್ಯಾಂಡಾಗೆ ಒಬ್ರೂ ಇರಲ್ಲ. ಬಿಡ್ಲಾ?”

ಇಪ್ಪತ್ತೆರಡು ವರ್ಷದ ಆರು ಗಂಟೆಯನ್ನು ಮತ್ತೊಮ್ಮೆ ಮುರಿಯಲು ಸಿದ್ಧನಾಗಿ ಕುಳಿತಿದ್ದ.

“ಬ್ಯಾಡಪ್ಪ,” ಅಂದೆ. “ಅವರವರ ನೀರು ಅವರವರ ಹೊತ್ತಿಗೇ ಬಿಡು. ನೋಡಿದ್ರೆ ನೋಡ್ಲಿ.”

ಆಗಸ್ಟ್ 25, ಸೋಮವಾರ

ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಅಂಕುಡೊಂಕಾಗಿದೆ. ಕಾರಣ ರಸ್ತೆ, ನಾನಲ್ಲ.

ಬಸ್‌ಸ್ಟ್ಯಾಂಡು ತುಂಬಿತ್ತು. ಎಲ್ಲರೂ ನೋಡಿದರು, ನಾನೂ ನೋಡಿದೆ. ಅಜ್ಜಿ ದಾರಿಗೆ ಲಿಂಬೆಹಣ್ಣು ತಂದುಕೊಟ್ಟಳು. ಅಪ್ಪ ಬರಲಿಲ್ಲ; ಅವನದು ಕೆಳಗೇರಿಯ ಹೊತ್ತು. ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ವಾಲ್ವಿನ ಹತ್ತಿರ ರಾಡು ಹಿಡಿದು ನಿಂತಿದ್ದ. ಕೈ ಎತ್ತಲಿಲ್ಲ, ಗಡಿಯಾರ ನೋಡಿಕೊಂಡ.

ನಾಗರಾಜಣ್ಣ ಬಂದ. “ಎಲ್ಲಿಗವ್ವ?”

“ಹೊಸದುರ್ಗಕ್ಕೆ ಒಂದು ಕೊಡಣ್ಣ.”